ಮಾಡಿಲ್ಲ, ಮಾಡಬಾರದು

“ಈ ಸಾಲಿನ ಅರ್ಥ ಏನು ಮೇಡಂ?”

ಪ್ರಿನ್ಸಿಪಾಲರು ಒಂದು ಜೆರಾಕ್ಸ್ ಹಾಳೆಯನ್ನು ಮೇಜಿನ ಮೇಲೆ ನನ್ನ ಕಡೆಗೆ ತಿರುಗಿಸಿ ಇಟ್ಟರು. ನಾನು ಹೊಳೆನರಸೀಪುರದ ಬಸ್ಸಿನಿಂದ ಇಳಿದು ನೇರವಾಗಿ ಅವರ ಕೋಣೆಗೆ ಬಂದಿದ್ದೆ. ಹೆಗಲಿನ ಚೀಲವನ್ನೂ ಇಳಿಸಿರಲಿಲ್ಲ. ಹಾಸನದ ಆ ನರ್ಸಿಂಗ್ ಕಾಲೇಜಿಗೆ ಇಂಗ್ಲಿಷ್ ಅಧ್ಯಾಪಕಿಯಾಗಿ ಸೇರಿ ಇನ್ನೂ ಕೆಲವೇ ವಾರಗಳಾಗಿದ್ದವು. ಪ್ರಿನ್ಸಿಪಾಲರ ಕೋಣೆಯಿಂದ ಕರೆ ಬಂದದ್ದು ಅದೇ ಮೊದಲು.

ಹಾಳೆಯಲ್ಲಿದ್ದುದು ಆಸ್ಪತ್ರೆಯ ವಾರ್ಡಿನಲ್ಲಿ ನರ್ಸ್‌ಗಳು ತಮ್ಮ ಪಾಳಿ ಮುಗಿಸಿ ಹೊರಡುವಾಗ ಮುಂದಿನ ಪಾಳಿಯವರಿಗಾಗಿ ಬರೆದಿಡುವ ಟಿಪ್ಪಣಿ. ದುಂಡಗಿನ ಅಕ್ಷರದಲ್ಲಿ ಹೀಗಿತ್ತು: ‘ಇನ್ಸುಲಿನ್ ಗಿವನ್. ಪೇಷೆಂಟ್ ಫುಡ್ ನಾಟ್ ಟೇಕ್.’

“ರೋಗಿ ಊಟ ಮಾಡಿಲ್ಲ ಅಂತ,” ಎಂದೆ.

“ಊಟ ಮಾಡಬಾರದು ಅಂತ ಆಗೋದಿಲ್ವಾ?”

ಮತ್ತೊಮ್ಮೆ ಓದಿದೆ. ಹಾಗೂ ಆಗುತ್ತಿತ್ತು. ಊಟ ಮಾಡುವುದಿಲ್ಲ ಎಂದೂ ಆಗುತ್ತಿತ್ತು, ಊಟ ಬೇಡ ಅಂದರು ಎಂದೂ ಆಗುತ್ತಿತ್ತು. ಅವರು ನಡೆದದ್ದನ್ನು ಹೇಳಿದರು.

ನುಗ್ಗೇಹಳ್ಳಿ ಕಡೆಯ ಒಬ್ಬ ಅಜ್ಜಿ ಸಕ್ಕರೆ ಕಾಯಿಲೆ ಹೆಚ್ಚಾಗಿ ವಾರ್ಡಿಗೆ ಸೇರಿದ್ದರು. ಮಧ್ಯಾಹ್ನ ಊಟಕ್ಕೆ ಮುಂಚೆ ಇನ್ಸುಲಿನ್ ಕೊಟ್ಟಾಯಿತು. ಊಟದ ತಟ್ಟೆ ಬಂದಾಗ ಅಜ್ಜಿ ವಾಕರಿಕೆ ಎಂದು, ಆಮೇಲೆ ತಿನ್ನುತ್ತೇನೆಂದು ಹೇಳಿ ತಟ್ಟೆಯನ್ನು ಬದಿಗಿಟ್ಟರು. ಅವರ ಮಗಳು ಬಟ್ಟೆ ತರಲು ಊರಿಗೆ ಹೋಗಿದ್ದಳು. ಅಷ್ಟರಲ್ಲಿ ಪಾಳಿ ಬದಲಾಗುವ ಸಮಯ. ಅಲ್ಲಿ ತರಬೇತಿಗೆ ಹೋಗಿದ್ದ ಎರಡನೇ ವರ್ಷದ ನಮ್ಮ ವಿದ್ಯಾರ್ಥಿನಿ ಈ ಎರಡು ಸಾಲು ಬರೆದಳು, ಅವಳ ಮೇಲಿನ ಸ್ಟಾಫ್ ನರ್ಸ್ ಸಹಿ ಹಾಕಿದರು. ಸಾಮಾನ್ಯವಾಗಿ ಒಂದು ಪಾಳಿಯವರು ಇನ್ನೊಂದು ಪಾಳಿಯವರಿಗೆ ಹಾಸಿಗೆಯ ಪಕ್ಕದಲ್ಲೇ ನಿಂತು ಬಾಯಲ್ಲೂ ಹೇಳಿ ಹೋಗುತ್ತಾರೆ. ಆ ದಿನ ಬಾಗಿಲಲ್ಲಿ ಅಪಘಾತದ ಕೇಸೊಂದು ಬಂದು ಎಲ್ಲರೂ ಅತ್ತ ಓಡಿದರು. ಬಾಯಿ ಮಾತು ಆಗಲಿಲ್ಲ. ಹಾಳೆ ಮಾತ್ರ ಉಳಿಯಿತು.

ಮುಂದಿನ ಪಾಳಿಯ ನರ್ಸ್ ಆ ಹಾಳೆಯನ್ನು ಓದಿದರು. ಅದರ ಕೆಳಗೇ ಹೊಟ್ಟೆಯ ಸ್ಕ್ಯಾನಿನ ಚೀಟಿ ಇತ್ತು. ಸ್ಕ್ಯಾನ್ ಇದ್ದುದು ಮರುದಿನ ಬೆಳಿಗ್ಗೆ. ಆದರೆ ಸ್ಕ್ಯಾನಿನ ಚೀಟಿ, ಮೇಲೆ ‘ಫುಡ್ ನಾಟ್ ಟೇಕ್’ ಎಂಬ ಮಾತು, ಎರಡೂ ಸೇರಿದಾಗ ಅವರಿಗೆ ಒಂದೇ ಅರ್ಥ ಹೊಳೆಯಿತು: ಸ್ಕ್ಯಾನಿಗಾಗಿ ಹೊಟ್ಟೆ ಖಾಲಿ ಇರಬೇಕು. ಮುಟ್ಟದ ತಟ್ಟೆಯನ್ನು ತೆಗೆಸಿಬಿಟ್ಟರು. ಸಂಜೆಯ ಹೊತ್ತಿಗೆ ಅಜ್ಜಿಗೆ ಮೈಯೆಲ್ಲ ಬೆವರಿ, ಕೈ ನಡುಗಿ, ಪ್ರಜ್ಞೆ ತಪ್ಪಿತ್ತು. ಇನ್ಸುಲಿನ್ ಕೊಟ್ಟ ಮೇಲೆ ಊಟವಿಲ್ಲದೆ ರಕ್ತದ ಸಕ್ಕರೆ ತಳ ಮುಟ್ಟಿತ್ತು. ಗ್ಲೂಕೋಸ್ ಏರಿಸಿ ಉಳಿಸಿಕೊಂಡರು. ಆದರೆ ಪ್ರಜ್ಞೆ ಪೂರ್ತಿ ಮರಳಲು ಮಾರನೆಯ ದಿನವಾಯಿತು.

“ಆಸ್ಪತ್ರೆಯವರು ಎರಡನೇ ವರ್ಷದ ಒಬ್ಬ ಹುಡುಗಿಯನ್ನೂ ವಾರ್ಡಿಗೆ ಬಿಡ್ತಿಲ್ಲ,” ಎಂದರು ಪ್ರಿನ್ಸಿಪಾಲರು. “ನೀವು ಅವರಿಗೆ ಬೇಸಿಕ್ ಗ್ರಾಮರ್ ಮಾಡಿ. ಒಂದು ಟೆಸ್ಟ್ ಕೊಡಿ. ಯಾರು ಫಿಟ್ ಅಂತ ನೀವು ಹೇಳಿದ ಮೇಲೆ ಒಳಗೆ ಬಿಡ್ತಾರಂತೆ. ಇನ್ನು ಆ ಹುಡುಗಿ ವಿಷಯ ಕಮಿಟಿ ನೋಡುತ್ತೆ. ಇವಳಿಗೆ ಇಂಗ್ಲಿಷ್ ವಾಕ್ಯ ಬರೆಯೋಕೆ ಬರೋದಿಲ್ಲ ಅಂತ ನಿಮ್ಮ ಒಪಿನಿಯನ್ ಕೊಟ್ರೆ ಸಾಕು.”

ಹಾಗೆ ಕೊಟ್ಟರೆ ಹುಡುಗಿ ಮನೆಗೆ ಹೋಗುತ್ತಾಳೆ, ಮಿಕ್ಕವರು ನಿಟ್ಟುಸಿರು ಬಿಡುತ್ತಾರೆ, ಅಷ್ಟು ಗೊತ್ತಾಗುತ್ತಿತ್ತು.

ತರಗತಿಯಲ್ಲಿದ್ದವರು ಹೆಚ್ಚಿನಂಶ ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಕನ್ನಡ ಮಾಧ್ಯಮದ ಹುಡುಗಿಯರು. ಟೆನ್ಸ್ ಗೊತ್ತಿದೆಯೇ ಎಂದು ಕೇಳಿದರೆ ಒಕ್ಕೊರಲಿನಲ್ಲಿ ಸಿಂಪಲ್ ಪ್ರೆಸೆಂಟ್‌ನಿಂದ ಹಿಡಿದು ಫ್ಯೂಚರ್ ಪರ್ಫೆಕ್ಟ್ ಕಂಟಿನ್ಯೂಯಸ್‌ವರೆಗೆ ತಪ್ಪಿಲ್ಲದೆ ಒಪ್ಪಿಸಿದರು. ಹೈಸ್ಕೂಲಿನಲ್ಲಿ ಗೋಡೆಗೆ ಅಂಟಿಸಿದ್ದ ಚಾರ್ಟು ಅವರ ಬಾಯಲ್ಲಿ ಹಾಗೇ ಉಳಿದಿತ್ತು. ನಾನು ಬೋರ್ಡಿನ ಮೇಲೆ ‘ರೋಗಿ ಊಟ ಮಾಡಿಲ್ಲ’ ಎಂದು ಬರೆದು, ಇದನ್ನು ಇಂಗ್ಲಿಷಿನಲ್ಲಿ ಬರೆಯಿರಿ ಎಂದೆ. ‘ಪೇಷೆಂಟ್ ಈಸ್ ನಾಟ್ ಈಟ್’, ‘ಪೇಷೆಂಟ್ ಡಿಡ್ ನಾಟ್ ಏಟ್’, ‘ಪೇಷೆಂಟ್ ನೋ ಫುಡ್’, ‘ಪೇಷೆಂಟ್ ಮೀಲ್ಸ್ ನಾಟ್ ಡೂಯಿಂಗ್’. ಬೆಂಚಿನಿಂದ ಬೆಂಚಿಗೆ ಹೋದೆ. ಯಾವ ಸಾಲನ್ನು ಓದಿದರೂ ಆ ಅಜ್ಜಿಯ ತಟ್ಟೆಯೇ ಕಣ್ಣಿಗೆ ಬರುತ್ತಿತ್ತು.

ಕೊನೆಯ ಬೆಂಚಿನಲ್ಲಿ ಒಬ್ಬಳೇ ಕೂತಿದ್ದವಳು ಏನೂ ಬರೆದಿರಲಿಲ್ಲ. ಅವಳೇ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಕೊಣನೂರಿನ ಹತ್ತಿರದ ಹಳ್ಳಿಯ ಹುಡುಗಿ, ಸಣ್ಣ ಮೈಕಟ್ಟು, ಬಿಗಿದು ಕಟ್ಟಿದ ಜಡೆ.

“ಯಾಕಮ್ಮ, ಬರೆದಿಲ್ವಾ?”

“ಬರೆಯಲ್ಲ ಮಿಸ್.”

“ಯಾಕೆ?”

“ಬರುದ್ರೆ ಏನಾದ್ರೂ ಆಯ್ತದೆ.” ಹಾಳೆಯನ್ನು ಆಚೆ ಸರಿಸಿ, “ನಾನು ಉಂಡಿಲ್ಲ ಅಂತ್ಲೇ ಬರ್ದಿದ್ದು ಮಿಸ್. ಉಣ್ಸಿ ಅಂತ್ಲೇ ಬರ್ದಿದ್ದು,” ಎಂದಳು.

ಮುಂದಿನ ಕೆಲವು ದಿನ ನಾನು ಪುಸ್ತಕದ ಕ್ರಮದಲ್ಲೇ ನಡೆದೆ. ಕರ್ತೃ, ಕ್ರಿಯಾಪದ, ಕರ್ಮ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ, ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ. ನೋಟ್ಸ್ ಬರೆಸಿದೆ, ಬಾಯಿಪಾಠ ಮಾಡಿಸಿದೆ. ಹುಡುಗಿಯರು ಶ್ರದ್ಧೆಯಿಂದ ಎಲ್ಲವನ್ನೂ ಬರೆದುಕೊಂಡರು. ಮರುದಿನ ಹೊಸ ವಾಕ್ಯ ಕೊಟ್ಟರೆ ಹಳೆಯ ತಪ್ಪೇ. ಸಂಜೆ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತು, ಇವರನ್ನು ಫಿಟ್ ಎಂದು ಬರೆದುಕೊಟ್ಟು ನಾಳೆ ಇನ್ನೊಬ್ಬ ಅಜ್ಜಿಗೆ ಹೀಗಾದರೆ ಎಂದು ಯೋಚಿಸುತ್ತಿದ್ದೆ. ಮನೆಯಲ್ಲಿ ಏನಾದರೂ ಕೇಳಿದರೆ ರೇಗುತ್ತಿದ್ದೆ.

ಆ ವಾರದಲ್ಲೇ ಹುಡುಗಿಯ ಅಪ್ಪ ಬಂದರು. ಬಿಳಿ ಷರಟು, ಒಗೆದ ಪಂಚೆ, ಹೊಲ ಗದ್ದೆ ಚೆನ್ನಾಗಿಟ್ಟುಕೊಂಡಿರುವ ಮನುಷ್ಯನ ಗತ್ತು. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತೇ ಮಾತು ಶುರುಮಾಡಿದರು.

“ಮೇಡಂನೋರೆ, ನಮ್ಮುಡ್ಗಿ ಬರ್ದಿದ್ದು ತಪ್ಪು. ಒಪ್ಕತೀನಿ. ಅದ್ರ ಕೆಳಗಡೆ ಸೈನ್ ಆಕವ್ರಲ್ಲ, ಅವ್ರು ಓದ್ನಿಲ್ವಾ? ಓದಿ ಸೈನ್ ಆಕಿದ್ರೆ ಅವ್ರುದೂ ತಪ್ಪು. ಓದ್ದೆ ಆಕಿದ್ರೆ ಇನ್ನೂ ದೊಡ್ಡ ತಪ್ಪು. ಓಡ್ಸಾದು ಮಾತ್ರ ನಮ್ಮುಡ್ಗೀನಾ?”

“ಅಪ್ಪಾ, ಸುಮ್ಕಿರು,” ಎಂದು ಹಿಂದಿನಿಂದ ಹುಡುಗಿ ಅಂಗಲಾಚಿದಳು.

“ನೀ ಸುಮ್ಕಿರವ್ವ,” ಎಂದವರು ಅವಳನ್ನು ಹೊರಗೆ ಕಳಿಸಿದರು. ಆಮೇಲೆ ಧ್ವನಿ ಇಳಿಯಿತು. “ಭಾನ್ವಾರ ಮನೆಗ್ ಬಂದಿದ್ಲು ಮೇಡಂ. ಮಾತೇ ಇಲ್ಲ. ಅವ್ರವ್ವ ಉಣ್ಣಾಕ್ ಬಾ ಅಂದ್ರೆ ಎದ್ದು ಇತ್ಲಿಗೋಯ್ತಾಳೆ. ಅಂಗಾಗೋಯ್ತಲ್ಲ ಅನ್ನಾದ್ ಬುಟ್ರೆ ಬ್ಯಾರೆ ಬಾಯ್ಗೆ ಬರಾಕಿಲ್ಲ. ಓದಾದ್ ಬ್ಯಾಡ, ಮನೇಲಿರು ಅಂದೆ. ಅದ್ಕೂ ಊಂ ಅನ್ನಲ್ಲ, ಊಹೂಂ ಅನ್ನಲ್ಲ.”

ಅವರಿಗೆ ನಾನು ಯಾವ ಭರವಸೆಯನ್ನೂ ಕೊಡಲಾರದೆ ಹೋದೆ. ಆದರೆ ಅವರು ಹೋದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಬರೆದವಳನ್ನು ನೋಡಿದ್ದೆ; ಓದಿದವರನ್ನು ನೋಡಿರಲಿಲ್ಲ, ಅಜ್ಜಿಯನ್ನೂ ನೋಡಿರಲಿಲ್ಲ. ಆಸ್ಪತ್ರೆಯ ಮೇಟ್ರನ್‌ಗೆ, ಅಂದರೆ ನರ್ಸ್‌ಗಳೆಲ್ಲರ ಮೇಲಿನ ಹಿರಿಯರಿಗೆ, ಫೋನ್ ಮಾಡಿ ವಾರ್ಡು ನೋಡಲು ಅನುಮತಿ ಕೇಳಿದೆ. ಅವರು ಅರಕಲಗೂಡಿನ ಕಡೆಯ ಹೆಂಗಸು, ಖಡಕ್ಕು ಎಂದು ಹೆಸರು. “ಇಂಗ್ಲಿಷ್ ಮೇಡಂಗೆ ವಾರ್ಡಲ್ಲೇನ್ ಕೆಲ್ಸ?” ಎಂದವರು ಆಮೇಲೆ, “ಬನ್ನಿ,” ಎಂದರು.

ಅಜ್ಜಿ ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ದಿಂಬಿಗೊರಗಿ ಕೂತಿದ್ದರು. ಮಗಳು ಕಿತ್ತಳೆ ಬಿಡಿಸುತ್ತಿದ್ದಳು. ಅಜ್ಜಿಗೆ ಮಾತು ನಿಧಾನವಾಗಿತ್ತು. ಒಂದೊಂದು ಪದಕ್ಕೂ ತಡವರಿಸುತ್ತಿದ್ದರು. ಮೊದಲು ಹೀಗಿರಲಿಲ್ಲ ಎಂದು ಮಗಳು ಹೇಳಿದಳು. ನಾನು ಕಾಲೇಜಿನವಳು ಎಂದಾಗ ಅವಳ ಮುಖ ಬಿಗಿಯಿತು. ಅಜ್ಜಿ ಮಾತ್ರ ಕೂತ್ಕೊ ಎಂದು ಕೈಯಲ್ಲೇ ಸನ್ನೆ ಮಾಡಿದರು.

“ಅಸಿವಾಯ್ತದೆ ಅಂದೆ ಕಣವ್ವ,” ಎಂದರು. “ಎಲ್ಡ್ ದಪ ಅಂದೆ. ತಿನ್ಬಾರ್ದು ಅಜ್ಜಿ, ಸ್ಕ್ಯಾನ್ ಐತೆ ಅಂದ್ಲು ಆ ನರ್ಸಮ್ಮ. ಒಳ್ಳೇವ್ಳು, ತಲೆ ಸವರುದ್ಲು. ಅವ್ರಿಗ್ ಗೊತ್ತಿರ್ತದಲ್ಲ ಅಂತ ಸುಮ್ಕಾದೆ. ಆಮ್ಯಾಕೆ... ಆಮ್ಯಾಕೆ ಗೆಪ್ತಿ ಇಲ್ಲ.”

ನಾನು ಅಲ್ಲಿಂದೆದ್ದು ಕಾರಿಡಾರಿಗೆ ಬಂದು ನಿಂತೆ. ಹಸಿವಾಗ್ತದೆ. ಆ ಮಾತಿಗೆ ಎರಡನೇ ಅರ್ಥವೇ ಇಲ್ಲ. ಅದನ್ನು ಹೇಳಬೇಕಾದವರೇ, ಹೇಳಬೇಕಾದ ಹೊತ್ತಿನಲ್ಲೇ, ಕೇಳಬೇಕಾದವರಿಗೇ ಹೇಳಿದ್ದರು. ಆದರೂ ಹಾಳೆಯ ಮಾತು ಗೆದ್ದಿತ್ತು.

ಆ ನರ್ಸನ್ನೂ ಅಂದೇ ಕಂಡೆ. ಬೇರೆ ರಾಜ್ಯದವರು, ಕನ್ನಡ ಅಷ್ಟಿಷ್ಟು ಕಲಿತಿದ್ದರು. ಔಷಧಿ ಟ್ರೇ ಜೋಡಿಸುತ್ತಲೇ ಮಾತಾಡಿದರು, ಒಮ್ಮೆಯೂ ತಲೆಯೆತ್ತಲಿಲ್ಲ. “ಹಸಿವು ಅಂತ ಹೇಳಿದ್ರು, ಹೌದು. ಸ್ಕ್ಯಾನ್‌ಗೆ ಮುಂಚೆ ಎಲ್ಲಾ ಪೇಷೆಂಟ್ ಹಸಿವು ಅಂತ ಹೇಳ್ತಾರೆ ಮೇಡಂ. ನಾನು ಪೇಪರ್ ನೋಡಿದೆ. ನಾಟ್ ಟೇಕ್ ಅಂತ ಇದೆ. ಡೋಂಟ್ ಟೇಕ್ ಅಂತ ನಾನು ತಿಳಿದೆ.” ಕೈಯಲ್ಲಿದ್ದ ಸಿರಿಂಜನ್ನು ಟ್ರೇಯಲ್ಲಿಟ್ಟು, ಮತ್ತೆ ತೆಗೆದು, ಮತ್ತೆ ಇಟ್ಟರು. “ಇನ್ಸುಲಿನ್ ಕೊಟ್ಟಿದೆ ಅಂತ ಮೇಲಿನ ಲೈನ್‌ನಲ್ಲೇ ಇತ್ತು. ಅದು ಕೂಡ ಓದಿದೆ. ಎರಡೂ ಸೇರಿಸಿ ಯೋಚನೆ ಮಾಡಲಿಲ್ಲ.”

ಮೇಟ್ರನ್ ಅಂದಿನ ಟಿಪ್ಪಣಿಗಳನ್ನು ನನಗೆ ತೋರಿಸಿದರು. ಬರೆದವರು ವಿದ್ಯಾರ್ಥಿನಿಯರಲ್ಲ, ವರ್ಷಗಟ್ಟಲೆ ಕೆಲಸ ಮಾಡಿದವರು. ‘ಸಿರಪ್ ಗಿವ್’. ಕೊಟ್ಟಾಯಿತೋ, ಕೊಡಬೇಕೋ? ‘ಡ್ರೆಸಿಂಗ್ ನಾಟ್ ಚೇಂಜ್’. ಗಾಯದ ಪಟ್ಟಿ ಬದಲಿಸಿಲ್ಲವೋ, ಬದಲಿಸಬಾರದೋ? ‘ಫೀವರ್ ಲೆಸ್’. ನಾನು ಒಂದೊಂದನ್ನೇ ಬೆರಳಿಟ್ಟು ಕೇಳಿದೆ. ಮೊದಮೊದಲು ಅವರು, “ಅದು ನಮ್ಗೆ ಅರ್ಥ ಆಯ್ತದೆ ಬಿಡಿ, ದಿನಾ ನೋಡೋರು ನಾವು,” ಎನ್ನುತ್ತಿದ್ದರು. ಡ್ರೆಸಿಂಗಿನ ಸಾಲಿಗೆ ಬಂದಾಗ ಎದ್ದರು. ಆಮೇಲೆ ಆ ಹಾಸಿಗೆಗೆ ತಾವೇ ಹೋಗಿ ನೋಡಿ ಬಂದರು. ಏನು ಕಂಡರೆಂದು ಹೇಳಲಿಲ್ಲ.

ಮರುದಿನ ತರಗತಿಯಲ್ಲಿ ಪುಸ್ತಕ ಮುಚ್ಚಿದೆ. ಇಂಗ್ಲಿಷ್ ಬೇಡ, ಮೊದಲು ಕನ್ನಡದಲ್ಲಿ ಹೇಳಿ ಎಂದೆ. ‘ತಿನ್ನು’ ಎಂಬ ಒಂದೇ ಪದದಿಂದ ರೋಗಿಯ ಬಗ್ಗೆ ಏನೇನು ಹೇಳಬಹುದು? ಹುಡುಗಿಯರು ಒಬ್ಬರ ಮೇಲೊಬ್ಬರು ಕೂಗಿದರು: ತಿಂದಿಲ್ಲ, ತಿನ್ನಲ್ಲ, ತಿನ್ಬಾರ್ದು, ತಿನ್ನಾಕಾಗಲ್ಲ, ತಿನ್ಬೇಡಿ, ತಿಂದ್ರು, ತಿಂತಾವ್ರೆ, ತಿನ್ಬೇಕು. ಬೋರ್ಡು ತುಂಬಿತು. ಇದರಲ್ಲಿ ಯಾರಿಗಾದರೂ ಗೊಂದಲವಿದೆಯೇ ಎಂದೆ. ನಕ್ಕರು. ತಿಂದಿಲ್ಲಕ್ಕೂ ತಿನ್ಬಾರ್ದಿಗೂ ಯಾರಾದರೂ ಗೊಂದಲ ಮಾಡಿಕೊಳ್ಳುತ್ತಾರೆಯೇ!

ಪ್ರತಿ ಪದದ ಬಾಲವನ್ನು ಬಣ್ಣದ ಸೀಮೆಸುಣ್ಣದಲ್ಲಿ ಗುರುತು ಮಾಡಿದೆ. ನಮ್ಮಲ್ಲಿ ಆಯಿತೋ, ಆಗಿಲ್ಲವೋ, ಆಗಬಾರದೋ ಎಂಬುದೆಲ್ಲ ಕ್ರಿಯಾಪದದ ಬಾಲದಲ್ಲಿದೆ. ಇಂಗ್ಲಿಷಿನಲ್ಲಿ ಆ ಬಾಲ ಬಿಡಿಯಾಗಿ ಕ್ರಿಯಾಪದದ ಮುಂದೆ ಬಂದು ನಿಲ್ಲುತ್ತದೆ. ತಿಂದಿಲ್ಲ: ಹ್ಯಾಸ್ ನಾಟ್ ಈಟನ್. ತಿನ್ನಲ್ಲ: ಡಸ್ ನಾಟ್ ಈಟ್. ತಿನ್ನಬಾರದು: ಷುಡ್ ನಾಟ್ ಈಟ್. ತಿನ್ನೋಕಾಗಲ್ಲ: ಕೆನಾಟ್ ಈಟ್. ನಾವು ‘ನಾಟ್’ ಒಂದನ್ನು ತಂದಿಟ್ಟು ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ಅದರ ಜೊತೆಗೆ ಬರಬೇಕಾದ ಹ್ಯಾಸ್, ಡಸ್, ಷುಡ್ ದಾರಿಯಲ್ಲೇ ಬಿದ್ದುಹೋಗುತ್ತದೆ. ಬಿದ್ದುಹೋದದ್ದೇ ಓದುವವರಿಗೆ ಬೇಕಾದದ್ದು.

ಕರ್ತೃವಿನ ವಿಷಯವೂ ಹೀಗೆಯೇ. ‘ಕೊಟ್ಟಾಯ್ತು’ ಎಂದರೆ ನಮಗೆ ಸಾಕು, ಯಾರು ಕೊಟ್ಟರೆಂದು ಎದುರಿಗಿದ್ದವರಿಗೆ ಗೊತ್ತಿರುತ್ತದೆ. ಹಾಳೆಗೆ ಗೊತ್ತಿರುವುದಿಲ್ಲ. ‘ಜ್ವರ ಕಡಿಮೆ’ ನಮ್ಮಲ್ಲಿ ಪೂರ್ಣ ವಾಕ್ಯ. ಇಂಗ್ಲಿಷಿನಲ್ಲಿ ಈಸ್ ಅಥವಾ ವಾಸ್ ಇಲ್ಲದೆ ಅದು ನಿಲ್ಲುವುದಿಲ್ಲ. ಈಗ ಕಡಿಮೆಯೋ, ಆಗ ಕಡಿಮೆ ಇತ್ತೋ ಎಂದು ಅದು ಕೇಳಿಯೇ ಕೇಳುತ್ತದೆ. ನಿಮ್ಮ ಕನ್ನಡ ತಪ್ಪಲ್ಲ, ಅದು ಬೇರೆ ಕಡೆ ಗಂಟು ಹಾಕಿಕೊಳ್ಳುತ್ತದೆ ಅಷ್ಟೇ, ಎಂದು ಹೇಳಿದೆ. ಕೊನೆಯ ಬೆಂಚಿನ ಹುಡುಗಿ ಮೊದಲ ಬಾರಿಗೆ ಬೋರ್ಡು ನೋಡುತ್ತಿದ್ದಳು. ಪೆನ್ನು ಮಾತ್ರ ಮುಟ್ಟಲಿಲ್ಲ.

ಈ ದಾರಿ ಹಿಡಿಯಿತು. ವಾಕ್ಯಗಳು ನೇರವಾದವು. ನನಗೂ ಸ್ವಲ್ಪ ಉಸಿರು ಬಂತು. ಆ ಧೈರ್ಯದಲ್ಲೇ ಪರೀಕ್ಷೆ ಕೊಟ್ಟೆ. ಸಂದರ್ಭವನ್ನು ಕನ್ನಡದಲ್ಲಿ ಹೇಳಿ ಟಿಪ್ಪಣಿ ಬರೆಯಿರಿ ಎಂದೆ: ರೋಗಿಗೆ ವಾಕರಿಕೆ, ಆಮೇಲೆ ತಿಂತೀನಿ ಅಂತ ತಟ್ಟೆ ಬದಿಗಿಟ್ಟಿದ್ದಾರೆ. ತರಗತಿಯಲ್ಲೇ ಜಾಣೆ ಎನಿಸಿಕೊಂಡ ಚನ್ನರಾಯಪಟ್ಟಣದ ಹುಡುಗಿ ಎಲ್ಲರಿಗಿಂತ ಮೊದಲು ಉತ್ತರ ಕೊಟ್ಟಳು. ಅಂದವಾದ ಅಕ್ಷರದಲ್ಲಿ ಬರೆದಿದ್ದಳು: ‘ದ ಪೇಷೆಂಟ್ ಡಸ್ ನಾಟ್ ಈಟ್ ಫುಡ್.’

ಕೆಂಪು ಪೆನ್ನು ಹಿಡಿದು ಆ ಸಾಲಿನ ಮೇಲೆ ಬಹಳ ಹೊತ್ತು ಕೂತೆ. ಆರ್ಟಿಕಲ್ ಸರಿ, ಕ್ರಮ ಸರಿ, ಕ್ರಿಯಾಪದ ಸರಿ. ಯಾವ ಪರೀಕ್ಷಕನೂ ಒಂದಂಕ ಕಳೆಯಲಾರ. ಆದರೆ ಅದು ಸುಳ್ಳು. ಈ ರೋಗಿ ಊಟ ಮಾಡುವವರೇ ಅಲ್ಲ ಎಂದು ಓದಿದವರು ಸುಮ್ಮನಾದರೆ ಅಜ್ಜಿ ಮತ್ತೆ ಹಸಿದೇ ಇರುತ್ತಾರೆ, ಈ ಸಲ ಶುದ್ಧವಾದ ವಾಕ್ಯದಿಂದ.

ಅವಳನ್ನು ಕರೆದು ತೋರಿಸಿದೆ. “ಗ್ರಾಮರ್ ಮಿಸ್ಟೇಕ್ ಇಲ್ವಲ್ಲ ಮಿಸ್?” ಎಂದಳು, ನಿಜಕ್ಕೂ ಅರ್ಥವಾಗದೆ.

ಕೊನೆಯ ಬೆಂಚಿನ ಹುಡುಗಿಯ ಹಾಳೆ ಖಾಲಿ ಇತ್ತು. ಎಲ್ಲರೂ ಹೋದ ಮೇಲೆ ಅವಳನ್ನು ಉಳಿಸಿಕೊಂಡೆ. ಬರೆಯಬೇಡ, ಹೇಳು, ನಾನು ಬರೀತೀನಿ ಎಂದೆ. ಆ ಅಜ್ಜಿಯ ವಿಷಯವನ್ನು ಮೊದಲಿನಿಂದ ಹೇಳು.

ಅವಳು ಹೇಳಿದಳು. ಬೆಳಿಗ್ಗೆ ಅಜ್ಜಿ ಏನು ತಿಂದರು, ಎಷ್ಟು ಹೊತ್ತಿಗೆ ವಾಕರಿಕೆ ಶುರುವಾಯಿತು, ತಟ್ಟೆಯನ್ನು ಯಾವ ಕಡೆ ತಳ್ಳಿದರು, ಒಂದು ತುತ್ತಾದರೂ ತಿನ್ನಜ್ಜಿ ಎಂದು ತಾನು ಹೇಗೆ ಕೇಳಿಕೊಂಡಳು, ಯಾವ ಮಾತಿಗೆ ಅಜ್ಜಿ ನಕ್ಕರು. ಇಷ್ಟೆಲ್ಲವನ್ನೂ ನೋಡಿದ್ದ ಹುಡುಗಿಯಿಂದ ಊಟದ ಬಗ್ಗೆ ಹಾಳೆಗೆ ಬಂದದ್ದು ನಾಲ್ಕೇ ಪದ. ನಾನು ಅವಳ ಕನ್ನಡವನ್ನು ಬೋರ್ಡಿನ ಮೇಲೆ ಬರೆದು, ಬಾಲಗಳನ್ನು ಮಾತ್ರ ಕೇಳುತ್ತಾ ಹೋದೆ. ಹ್ಯಾಸ್ ನಾಟ್, ಎಂದಳು. ವಿಲ್, ಎಂದಳು. ಮಸ್ಟ್, ಎಂದಳು. ಒಂದೂ ತಪ್ಪಲಿಲ್ಲ.

ಆಮೇಲೆ ಕೇಳಿದಳು: “ನಾನು ಸರ್ಯಾಗೇ ಬರ್ದು, ಓದೋರು ಬ್ಯಾರೆ ಥರ ಓದುದ್ರೆ ಮಿಸ್?”

ಗೊತ್ತಿಲ್ಲಮ್ಮ ಎಂದೆ.

ಕಮಿಟಿ ಸೇರಿದ ದಿನ ಕೋಣೆಯಲ್ಲಿದ್ದವರು ಪ್ರಿನ್ಸಿಪಾಲರು, ಮೇಟ್ರನ್, ವಾರ್ಡಿನ ವೈದ್ಯರು ಮತ್ತು ನಾನು. ನನ್ನ ಪ್ರೊಬೇಷನ್ ಮುಗಿದು ಕೆಲಸ ಖಾಯಂ ಆಗಿರಲಿಲ್ಲ. ಪ್ರಿನ್ಸಿಪಾಲರು ನನ್ನ ಒಪಿನಿಯನ್ ಕೇಳಿದರು. ಏನು ಹೇಳಬೇಕೆಂದು ಬಸ್ಸಿನಲ್ಲೇ ನಿರ್ಧರಿಸಿಕೊಂಡಿದ್ದೆ.

“ಈ ವಾಕ್ಯಕ್ಕೆ ಒಂದು ಅರ್ಥ ಇಲ್ಲ ಸರ್, ಬರೆದದ್ದು ತಪ್ಪು,” ಎಂದೆ. “ಆದರೆ ಈಕೆಗೆ ಬರೆಯೋಕೆ ಬರೋದಿಲ್ಲ, ಕಳಿಸಿಬಿಡಿ ಅಂತ ನಾನು ಹೇಳಲಾರೆ. ಪೇಪರ್ ಟೆಸ್ಟ್ ಮೇಲೆ ಯಾರನ್ನೂ ಫಿಟ್ ಅಂತಲೂ ಹೇಳಲಾರೆ. ತಪ್ಪಿಲ್ಲದ ಇಂಗ್ಲಿಷಿನಲ್ಲಿ ಅಪಾಯದ ವಾಕ್ಯ ಬರೆದ ಹುಡುಗಿಯೂ ನನ್ನ ಕ್ಲಾಸಿನಲ್ಲಿದ್ದಾಳೆ. ಹುಡುಗಿಯರನ್ನ ಹಾಸಿಗೆ ಪಕ್ಕದಲ್ಲಿ ನಿಲ್ಲಿಸಿ. ಮೊದಲು ಕನ್ನಡದಲ್ಲಿ ಬಾಯಲ್ಲಿ ಒಪ್ಪಿಸಲಿ, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಬರೆಯಲಿ. ಎರಡೂ ಒಂದೇನಾ ಅಂತ ಮೇಟ್ರನ್ ನೋಡಲಿ, ನಾನೂ ನೋಡ್ತೀನಿ.”

ವೈದ್ಯರು ಗಡಿಯಾರ ನೋಡಿಕೊಂಡರು. “ವಾರ್ಡಲ್ಲಿ ಗ್ರಾಮರ್ ನೋಡ್ಕೊಂಡು ಕೂರೋಕೆ ಟೈಮ್ ಇದ್ಯಾ ಮೇಡಂ?”

“ಆ ಅಜ್ಜಿ ಹಸಿವಾಗ್ತಿದೆ ಅಂತ ಎರಡು ಸಲ ಹೇಳಿದ್ರು ಸರ್. ಅದರಲ್ಲಿ ಗ್ರಾಮರ್ ಸರಿಯಾಗೇ ಇತ್ತು.”

ಪ್ರಿನ್ಸಿಪಾಲರ ಮುಖ ಕೆಂಪಾಯಿತು. “ನಿಮ್ಮನ್ನ ಕರೆದದ್ದು ಇಂಗ್ಲಿಷ್ ಬಗ್ಗೆ ಹೇಳೋಕೆ,” ಎಂದರು. ಆಗ ಮೇಟ್ರನ್ ಬಾಯಿ ಬಿಟ್ಟರು. ಡ್ರೆಸಿಂಗಿನ ಆ ಸಾಲನ್ನು ಅವರೇ ಹೇಳಿದರು. ಬದಲಿಸಬೇಕಾದ ಡ್ರೆಸಿಂಗ್, ಬದಲಿಸಬಾರದೆಂದು ತಿಳಿದು ಹಾಗೇ ಬಿಟ್ಟಿದ್ದರಂತೆ. ಗಾಯ ಕೆಡುವ ಮುಂಚೆ ಸಿಕ್ಕಿತಂತೆ. “ಬರೆದೋಳು ನನ್ನ ಸ್ಟಾಫೇ ಸಾರ್. ಉಡ್ಗೀನ ಓಡ್ಸಿದ್ರೆ ಅವಳ್ನೂ ಓಡ್ಸಬೇಕಾಯ್ತದೆ,” ಎಂದರು.

ಕೊನೆಗೆ ಆದದ್ದು ಗೆಲುವು ಎನ್ನುವ ಹಾಗಿರಲಿಲ್ಲ. ಹುಡುಗಿಯನ್ನು ಉಳಿಸಿಕೊಂಡರು. ಆದರೆ ಅವಳ ವಾರ್ಡಿನ ಅವಧಿ ಲೆಕ್ಕಕ್ಕಿಲ್ಲ, ಕಿರಿಯರ ಜೊತೆ ಮತ್ತೆ ಮೊದಲಿನಿಂದ ಮಾಡಬೇಕು. ಓದದೆ ಸಹಿ ಹಾಕಿದ ಸ್ಟಾಫ್ ನರ್ಸನ್ನು ಬೇರೆ ವಿಭಾಗಕ್ಕೆ ಹಾಕಿದರು. ಅಜ್ಜಿಯ ತಲೆ ಸವರಿದ ನರ್ಸ್ ರಜೆ ಹಾಕಿ ತಮ್ಮ ಊರಿಗೆ ಹೋದವರು ಹಿಂದಿರುಗಲಿಲ್ಲ. ಯಾರೂ ಅವರನ್ನು ಹೋಗೆಂದಿರಲಿಲ್ಲ. ಅಜ್ಜಿ ನುಗ್ಗೇಹಳ್ಳಿಗೆ ಮರಳಿದರು. ಮಾತಿನ ತಡವರಿಕೆ ಪೂರ್ತಿ ಹೋಗಲಿಲ್ಲವೆಂದು ಮಗಳು ಮೇಟ್ರನ್‌ಗೆ ಫೋನಿನಲ್ಲಿ ಹೇಳಿದ್ದಳು. ನನಗೆ ಪ್ರಿನ್ಸಿಪಾಲರು ಬಹಳ ದಿನ ನೇರವಾಗಿ ಮುಖ ಕೊಟ್ಟು ಮಾತಾಡಲಿಲ್ಲ.

ಹಾಸಿಗೆಯ ಪಕ್ಕದ ಪರೀಕ್ಷೆ ಮಾತ್ರ ಶುರುವಾಯಿತು. ಹುಡುಗಿಯರು ಗುಂಪು ಗುಂಪಾಗಿ ವಾರ್ಡಿಗೆ ಮರಳಿದರು. ಕಿರಿಯರ ಸಾಲಿನಲ್ಲಿ ಕೊನೆಯ ಬೆಂಚಿನ ಆ ಹುಡುಗಿಯ ಸರದಿ ಬಂದ ದಿನ ನಾನೂ ಹೋಗಿ ಮೇಟ್ರನ್ ಪಕ್ಕದಲ್ಲಿ ನಿಂತೆ.

ಮೊದಲ ಎರಡು ಹಾಸಿಗೆಗಳ ವಿವರವನ್ನು ಅವಳು ತಗ್ಗಿದ ದನಿಯಲ್ಲಿ ಒಪ್ಪಿಸಿದಳು. ಮೂರನೆಯದು ಹಿಂದಿನ ದಿನ ಹೊಟ್ಟೆಯ ಆಪರೇಷನ್ ಆಗಿದ್ದ ಹೆಂಗಸು. ತುಟಿಗಳು ಒಡೆದು ಒಣಗಿದ್ದವು. ಹಾಳೆಯಲ್ಲಿ ಬೆಳಗಿನ ಪಾಳಿಯ ಸಿಸ್ಟರ್ ಅವಸರದಲ್ಲಿ ಬರೆದಿದ್ದರು: ‘ವಾಟರ್ ನಾಟ್ ಗಿವನ್.’ ಹುಡುಗಿ ಅದನ್ನು ಓದಿದಳು. ಇನ್ನೊಮ್ಮೆ ಓದಿದಳು. ಜೊತೆಯ ಕಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಇದು ನಂಗೆ ಗೊತ್ತಾಗ್ತಿಲ್ಲ ಮೇಡಂ,” ಎಂದಳು ಮೇಟ್ರನ್‌ಗೆ. “ಕೇಳ್ಕಂಡ್ ಬತ್ತೀನಿ.”

ಅಪ್ಪಣೆಗೂ ಕಾಯದೆ ಹೊರಟಳು. ಬೆಳಗಿನ ಸಿಸ್ಟರ್ ಆಗಲೇ ಬಟ್ಟೆ ಬದಲಿಸಿ ಗೇಟಿನ ಕಡೆ ಹೋಗಿದ್ದರು. ರೌಂಡ್ಸಿಗೆ ಬಂದ ವೈದ್ಯರು ನಾವೆಲ್ಲ ಸುಮ್ಮನೆ ನಿಂತಿರುವುದನ್ನು ನೋಡಿ ಹುಬ್ಬೇರಿಸಿದರು. “ಇರಿ ಸಾರ್, ಉಡ್ಗಿ ಕೇಳಾಕ್ ಓಗವ್ಳೆ,” ಎಂದರು ಮೇಟ್ರನ್. ಹಾಸಿಗೆಯಲ್ಲಿದ್ದ ಹೆಂಗಸು ಬಾಗಿಲ ಕಡೆಯೇ ನೋಡುತ್ತಿದ್ದರು.

ಹುಡುಗಿ ಏದುಸಿರು ಬಿಡುತ್ತಾ ಬಂದಳು. “ಕೊಡ್ಬೋದಂತೆ. ಮಧ್ಯಾನ್ದಿಂದ ಚಮಚದಲ್ಲಿ ಕೊಡ್ಬೋದಂತೆ. ಬೆಳಿಗ್ಗೆ ಕೊಟ್ಟಿರ್ಲಿಲ್ಲ, ಅಷ್ಟೇಯಂತೆ.” ಹೇಳುತ್ತಲೇ ಲೋಟಕ್ಕೆ ನೀರು ಬಗ್ಗಿಸಿ, ಹೆಂಗಸಿನ ತಲೆಯನ್ನು ಮೊಣಕೈಗೆ ಆನಿಸಿಕೊಂಡು ಒಂದೊಂದೇ ಚಮಚ ಕುಡಿಸಿದಳು. ಆಮೇಲೆ ಪೆನ್ನು ತೆಗೆದಳು. ಮೊದಲ ಸಾಲು ಬರೆದಳು. ಎರಡನೆಯದಕ್ಕೆ ನಿಂತಳು.

“ಮಿಸ್, ‘ಅಂತೆ’ಗೆ ಏನ್ ಬರೀಲಿ? ಇಂಗ್ಲಿಷಲ್ಲಿ ‘ಅಂತೆ’ ಇಲ್ವಲ್ಲ.”

“ಇಲ್ಲ,” ಎಂದೆ. “ಯಾರು ಹೇಳಿದರೋ ಅವರ ಹೆಸರು ಬರಿ. ಅವರು ಹೇಳಿದರು ಅಂತ ಬರಿ.”

ಅವಳು ಸಿಸ್ಟರ್ ಹೆಸರು ಬರೆದು, ಮುಂದೆ ‘ಸೆಡ್’ ಎಂದು ಬರೆದು, ವಾಕ್ಯ ಮುಗಿಸಿದಳು. ಕೆಳಗೆ ತನ್ನ ಹೆಸರನ್ನೂ ಬರೆದಳು. ಮೇಟ್ರನ್ ಹಾಳೆಯನ್ನು ತೆಗೆದುಕೊಂಡು ಸಹಿ ಹಾಕುವ ಮುಂಚೆ, ತುಟಿಯಾಡಿಸುತ್ತಾ, ಒಂದೊಂದೇ ಪದವಾಗಿ ಓದತೊಡಗಿದರು.